ಓಸಿಡಿ ಮಾತ್ರೆ ಯಾವ ಟೈಪಿಗೆ ಎಷ್ಟು ಕೆಲಸ ಮಾಡುತ್ತೆ: ಪದೇ ಪದೇ ಕೇಳೋ ಪ್ರಶ್ನೆಗಳು

ನಮ್ಮನೇಲಿ ಇಬ್ರಿಗೆ ಓಸಿಡಿ, ಅಂದ್ರೆ ಗೀಳು ಕಾಯಿಲೆ: ಬೇಡದ ಯೋಚನೆ ಮತ್ತೆ ಮತ್ತೆ ಬರೋದು, ಮಾಡಿದ್ದನ್ನೇ ಮತ್ತೆ ಮತ್ತೆ ಮಾಡೋದು. ಅಕ್ಕಂಗೆ ತೊಳೆಯೋದು, ನನಗೆ ಕೆಟ್ಟ ಯೋಚನೆ ಬರೋದು. ಇಬ್ರಿಗೂ ಕೊಟ್ಟಿದ್ದು ಒಂದೇ ಗುಂಪಿನ ಮಾತ್ರೆ, ಆದ್ರೆ ನನಗೆ ಎಂಟು ಒಂಬತ್ತು ವಾರಕ್ಕೆ ತಲೆ ಹಗುರ ಆಯ್ತು, ಅಕ್ಕಂಗೆ ಆರು ತಿಂಗಳಾದ್ರೂ ಅರ್ಧಂಬರ್ಧ. ಯಾಕೆ ಹೀಗೆ ಅಂತ ಡಾಕ್ಟರ್‌ಗಳನ್ನ ಕೇಳ್ತಾ, ಓದ್ತಾ ಏಳು ವರ್ಷದಲ್ಲಿ ತಿಳ್ಕೊಂಡಿದ್ದನ್ನ ಇಲ್ಲಿ ಹಾಕಿದೀನಿ. ನಾನು ಡಾಕ್ಟರ್ ಅಲ್ಲ. ಇಲ್ಲಿರೋ ಡೋಸ್‌ಗಳು ನಿಮ್ಮ ಡಾಕ್ಟರ್ ಹತ್ರ ಸರಿಯಾಗಿ ಪ್ರಶ್ನೆ ಕೇಳೋಕೆ ಅಂತ ಬರ್ದಿರೋದು, ದಯವಿಟ್ಟು ನೀವೇ ಏರಿಸೋದು ಇಳಿಸೋದು ಮಾಡ್ಬೇಡಿ.

ಓಸಿಡಿ ಅಂದ್ರೆ ಕೈ ತೊಳೆಯೋದು ತಾನೇ? ಅದ್ರಲ್ಲಿ ಟೈಪ್ ಎಲ್ಲಿಂದ ಬಂತು?

ಕೈ ತೊಳೆಯೋದು ಹೊರಗಿನವರ ಕಣ್ಣಿಗೆ ಕಾಣುತ್ತೆ, ಅದಕ್ಕೆ ಎಲ್ರಿಗೂ ಗೊತ್ತು. ಒಳಗಡೆ ನಡೆಯೋದು ಇನ್ನೂ ತುಂಬಾ ಇದೆ. ಸಾವಿರಾರು ಪೇಷೆಂಟ್‌ಗಳ ಲಕ್ಷಣಗಳನ್ನ ಒಟ್ಟಿಗೆ ಹಾಕಿ ನೋಡಿದಾಗ ಸಾಮಾನ್ಯವಾಗಿ ನಾಲ್ಕು ಗುಂಪು ಕಾಣುತ್ತೆ: ಮೈಲಿಗೆ, ಕೊಳೆ, ರೋಗಾಣು ಭಯ ಮತ್ತೆ ತೊಳೆಯೋದು ಒಂದು, ಯಾರಿಗಾದ್ರೂ ಏನಾದ್ರೂ ಮಾಡಿಬಿಡ್ತೀನಾ ಅನ್ನೋ ಯೋಚನೆ, ದೇವರ ಬಗ್ಗೆ ಅಸಹ್ಯ ಮಾತು, ಸೆಕ್ಸ್ ಬಗ್ಗೆ ಬೇಡದ ಚಿತ್ರಗಳು ಇನ್ನೊಂದು, ಎಲ್ಲಾ ಸರಿಸಮ ಇರ್ಬೇಕು, ಎಣಿಸ್ಬೇಕು, "ಸರಿ ಹೋಯ್ತು" ಅನ್ಸೋವರೆಗೂ ಮತ್ತೆ ಮತ್ತೆ ಮಾಡ್ಬೇಕು ಅನ್ನೋದು ಮೂರನೇದು, ಏನನ್ನೂ ಬಿಸಾಡದೆ ಕೂಡಿಡೋದು ನಾಲ್ಕನೇದು. ಬೀಗ, ಗ್ಯಾಸ್ ಚೆಕ್ ಮಾಡೋದು ಹೆಚ್ಚಾಗಿ ಎರಡನೇ ಗುಂಪಿನ ಜೊತೆ ಬರುತ್ತೆ. ಬಹಳ ಜನಕ್ಕೆ ಒಂದಕ್ಕಿಂತ ಜಾಸ್ತಿ ಇರುತ್ತೆ, ವರ್ಷಗಳಲ್ಲಿ ಒಂದು ಹೋಗಿ ಇನ್ನೊಂದು ಬರೋದೂ ಉಂಟು. ಹಾಗಾಗಿ ಟೈಪ್ ಅನ್ನೋದು ರಕ್ತದ ಗುಂಪಿನ ಥರ ಒಂದ್ಸಲ ಬರೆದು ಮುಗಿಸೋ ವಿಷಯ ಅಲ್ಲ.

ಹಾಗಾದ್ರೆ ಒಂದೊಂದು ಟೈಪಿಗೆ ಬೇರೆ ಬೇರೆ ಮಾತ್ರೆ ಇದ್ಯಾ?

ಇಲ್ಲ. ಇದನ್ನ ಎಲ್ರೂ ಕೇಳ್ತಾರೆ, ನಾನೂ ಕೇಳಿದ್ದೆ. ಯಾವ ಟೈಪ್ ಆದ್ರೂ ಶುರು ಆಗೋದು ಎಸ್‌ಎಸ್‌ಆರ್‌ಐ ಅನ್ನೋ, ಡಿಪ್ರೆಶನ್‌ಗೂ ಕೊಡೋ ಗುಂಪಿಂದ: ಫ್ಲೂಕ್ಸೆಟಿನ್, ಸರ್ಟ್ರಾಲಿನ್, ಫ್ಲೂವಾಕ್ಸಮಿನ್, ಎಸ್ಸಿಟಾಲೊಪ್ರಾಮ್, ಪ್ಯಾರಾಕ್ಸೆಟಿನ್. ಇವುಗಳಲ್ಲಿ ಒಂದು ಇನ್ನೊಂದಕ್ಕಿಂತ ಮೇಲು ಅಂತ ಸಾಬೀತಾಗಿಲ್ಲ, ನಿಮ್ಮ ವಯಸ್ಸು, ಬೇರೆ ಕಾಯಿಲೆ, ಸೈಡ್ ಎಫೆಕ್ಟ್ ನೋಡಿ ಡಾಕ್ಟರ್ ಆರಿಸ್ತಾರೆ. ವ್ಯತ್ಯಾಸ ಇರೋದು ಮಾತ್ರೆಯಿಂದ ಎಷ್ಟು ಸಿಗುತ್ತೆ ಅನ್ನೋದ್ರಲ್ಲಿ, ಅದರ ಜೊತೆಗೆ ಏನು ಸೇರಿಸ್ಬೇಕು ಅನ್ನೋದ್ರಲ್ಲಿ. ಇನ್ನೊಂದು ವಿಷಯ ಗಮನದಲ್ಲಿರಲಿ, ದೊಡ್ಡ ದೊಡ್ಡ ಟ್ರಯಲ್‌ಗಳಲ್ಲಿ ಎಲ್ಲಾ ಟೈಪ್‌ನವರನ್ನೂ ಒಟ್ಟಿಗೆ ಸೇರಿಸ್ಕೊಂಡಿರ್ತಾರೆ, ಟೈಪ್ ಪ್ರಕಾರ ಲೆಕ್ಕ ಆಮೇಲೆ ಬಿಡಿಸಿ ತೆಗೆದಿದ್ದು, ಅದಕ್ಕೇ ಒಂದು ಅಧ್ಯಯನ ಹೇಳಿದ್ದಕ್ಕೂ ಇನ್ನೊಂದು ಹೇಳಿದ್ದಕ್ಕೂ ಎಷ್ಟೋ ಕಡೆ ತಾಳೆ ಆಗಲ್ಲ.

ನನಗೆ ಡಿಪ್ರೆಶನ್ ಇಲ್ಲ, ಡಿಪ್ರೆಶನ್ ಮಾತ್ರೆ ಯಾಕೆ ಕೊಟ್ರು?

ಇದರ ಹಿಂದೆ ಒಂದು ಕಥೆ ಇದೆ. ಕ್ಲೋಮಿಪ್ರಮಿನ್ ಅನ್ನೋ ಹಳೇ ಡಿಪ್ರೆಶನ್ ಮಾತ್ರೆ ಗೀಳಿಗೂ ಕೆಲಸ ಮಾಡುತ್ತೆ ಅಂತ 1960ರ ದಶಕದಲ್ಲೇ ಡಾಕ್ಟರ್‌ಗಳು ಗಮನಿಸಿದ್ರು. ಆಮೇಲೆ ಅದರ ಹತ್ತಿರದ ನೆಂಟ ಡೆಸಿಪ್ರಮಿನ್ ಜೊತೆ ಹೋಲಿಸಿ ನೋಡಿದ್ರೆ, ಡಿಪ್ರೆಶನ್‌ಗೆ ಎರಡೂ ಆಗುತ್ತೆ, ಓಸಿಡಿಗೆ ಮಾತ್ರ ಕ್ಲೋಮಿಪ್ರಮಿನ್ನೇ ಆಗೋದು. ಕ್ಲೋಮಿಪ್ರಮಿನ್ ಮುಖ್ಯವಾಗಿ ಸೆರೊಟೋನಿನ್ ಅನ್ನೋ ಮೆದುಳಿನ ರಾಸಾಯನಿಕದ ಮೇಲೆ ಕೆಲಸ ಮಾಡುತ್ತೆ, ಡೆಸಿಪ್ರಮಿನ್ ಹಾಗಲ್ಲ. ಅಲ್ಲಿಂದ, ಸೆರೊಟೋನಿನ್ ಮೇಲೇ ಕೆಲಸ ಮಾಡೋ ಎಸ್‌ಎಸ್‌ಆರ್‌ಐಗಳನ್ನೂ ಓಸಿಡಿಗೆ ಕೊಡೋ ದಾರಿ ಸಿಕ್ತು. ಅಮೆರಿಕದಲ್ಲಿ 500ಕ್ಕೂ ಹೆಚ್ಚು ಜನರ ಮೇಲೆ ಮಾಡಿದ ಟ್ರಯಲ್‌ನಲ್ಲಿ ಕ್ಲೋಮಿಪ್ರಮಿನ್ ತಗೊಂಡವರ ಓಸಿಡಿ ತೀವ್ರತೆಯ ಸ್ಕೋರು ಸುಮಾರು 40% ಇಳಿದಿದೆ, ಔಷಧಿ ಇಲ್ಲದ ಬರೀ ಸಕ್ಕರೆ ಮಾತ್ರೆ ತಗೊಂಡವರದ್ದು 3ರಿಂದ 5% ಅಷ್ಟೇ. 1989ರಲ್ಲಿ ಅಲ್ಲಿ ಓಸಿಡಿಗೆ ಅಂತ ಒಪ್ಪಿಗೆ ಸಿಕ್ಕ ಮೊದಲ ಮಾತ್ರೆ ಅದೇ.

ಎಷ್ಟು ದಿನ ಕಾಯ್ಬೇಕು? ಒಂದು ತಿಂಗಳಾಯ್ತು, ಏನೂ ಆಗಿಲ್ಲ.

ಇಲ್ಲೇ ನೋಡಿ ಹೆಚ್ಚು ಜನ ಕೈ ಬಿಡೋದು. ಡಿಪ್ರೆಶನ್‌ಗೆ ನಾಲ್ಕು ವಾರದಲ್ಲಿ ಒಂದು ಸುಳಿವು ಸಿಗುತ್ತೆ, ಓಸಿಡಿಗೆ 8ರಿಂದ 12 ವಾರ ಬೇಕು, ಅದ್ರಲ್ಲೂ ಪೂರ್ತಿ ಡೋಸ್‌ನಲ್ಲಿ ಕನಿಷ್ಠ 4ರಿಂದ 6 ವಾರ ಇರ್ಬೇಕು. ಆ ಪೂರ್ತಿ ಡೋಸ್ ಅನ್ನೋದೂ ಡಿಪ್ರೆಶನ್‌ಗಿಂತ ಮೇಲೆ ಇರುತ್ತೆ. ಫ್ಲೂಕ್ಸೆಟಿನ್ 40ರಿಂದ 80 ಎಂಜಿ, ಸರ್ಟ್ರಾಲಿನ್ 200ರವರೆಗೆ, ಫ್ಲೂವಾಕ್ಸಮಿನ್ 200ರಿಂದ 300, ಈ ಲೆಕ್ಕದಲ್ಲಿ, ಅದೂ ದಿಢೀರ್ ಅಂತ ಅಲ್ಲ, ಮೆಟ್ಟಿಲು ಮೆಟ್ಟಿಲಾಗಿ. 20 ಎಂಜಿ ಫ್ಲೂಕ್ಸೆಟಿನ್‌ನ ಮೂರು ವಾರ ತಗೊಂಡು "ನನ್ನ ಟೈಪಿಗೆ ಮಾತ್ರೆ ಆಗಲ್ಲ" ಅಂತ ತೀರ್ಮಾನ ಮಾಡಿದವರನ್ನ ನಾನು ಎಷ್ಟೋ ಜನ ನೋಡಿದೀನಿ, ಬೇಜಾರಾಗುತ್ತೆ. ಮಾತ್ರೆ ಸೋತಿಲ್ಲ ಅಲ್ಲಿ, ಅದು ಇನ್ನೂ ಶುರುವೇ ಆಗಿಲ್ಲ.

ಮಾತ್ರೆ "ಕೆಲಸ ಮಾಡ್ತು" ಅಂದ್ರೆ ಪೂರ್ತಿ ಹೋಗುತ್ತಾ?

ಕೆಲವರಿಗೆ ಹೋಗುತ್ತೆ, ಹೆಚ್ಚಿನವರಿಗೆ ಕಮ್ಮಿ ಆಗುತ್ತೆ. ವೈ-ಬಾಕ್ಸ್ ಅಂತ ಓಸಿಡಿ ಎಷ್ಟಿದೆ ಅಂತ ಅಳೆಯೋ ಒಂದು ಸ್ಕೋರ್ ಇದೆ, 1989ರಲ್ಲಿ ಬಂದಿದ್ದು, 0ಯಿಂದ 40ರವರೆಗೆ. ಅದು 35% ಇಳಿದ್ರೆ ರೆಸ್ಪಾನ್ಸ್ ಅಂತಾರೆ. ಅಂದ್ರೆ 30 ಇದ್ದಿದ್ದು 19ಕ್ಕೆ ಬಂದ್ರೂ ಲೆಕ್ಕದಲ್ಲಿ ಗೆದ್ದ ಹಾಗೆ, ಆದ್ರೆ 19 ಅಂದ್ರೆ ಇನ್ನೂ ಮಧ್ಯಮ ಮಟ್ಟದ ಓಸಿಡಿ. ಮೊದಲ ಎಸ್‌ಎಸ್‌ಆರ್‌ಐಗೆ 40ರಿಂದ 60% ಜನಕ್ಕೆ ಈ ರೆಸ್ಪಾನ್ಸ್ ಸಿಗುತ್ತೆ. ಅಕ್ಕಂಗೆ ಏನು ಆಯ್ತು ಅಂದ್ರೆ, ಬೆಳಿಗ್ಗೆ ನಾಲ್ಕೂವರೆಗೆ ಬಚ್ಚಲು ಮನೆ ನಲ್ಲಿ ತಿರುಗಿಸಿದ್ರೆ ಆರು ಗಂಟೆವರೆಗೂ ನೀರು ಸುರೀತಾನೇ ಇರೋದು, ಮೇಲಿನ ಟ್ಯಾಂಕ್ ಖಾಲಿ ಆಗೋದು, ಬೆರಳ ಗಂಟಿನ ಹತ್ರ ಚರ್ಮ ಒಡೆದು ರಕ್ತ ಬರೋದು, ರಾತ್ರಿ ಅಮ್ಮ ಕೊಬ್ಬರಿ ಎಣ್ಣೆ ಹಚ್ಚೋರು. ಹತ್ತನೇ ವಾರದಲ್ಲಿ ಒಂದಿನ ನಲ್ಲಿ ಐದು ಹತ್ತಕ್ಕೆ ನಿಂತ್ಹೋಯ್ತು. ನಾನು ಹಾಸಿಗೇಲಿ ಮಲಗಿದ್ದೋಳು ಎದ್ದು ಕೂತೆ, ಏನಾದ್ರೂ ಆಯ್ತೇನೋ ಅಂತ. ಅವಳು ಆರಾಮಾಗಿ ಟವೆಲ್‌ನಲ್ಲಿ ಕೈ ಒರೆಸ್ಕೊಂಡು ಬರ್ತಿದ್ಲು. ರೆಸ್ಪಾನ್ಸ್ ಅಂದ್ರೆ ಅಷ್ಟು.

ತೊಳೆಯೋ ಟೈಪಿಗೆ ಮಾತ್ರೆ ಸಾಕಾ?

ಮಾತ್ರೆ ಕೆಲಸ ಮಾಡುತ್ತೆ, ಆದ್ರೆ ಒಂದು ಕಡೆ ಬಂದು ನಿಂತುಬಿಡುತ್ತೆ. ಅಲ್ಲಿಂದ ಮುಂದಕ್ಕೆ ಇಆರ್‌ಪಿ ಅನ್ನೋ ಥೆರಪಿ ಬೇಕಾಗುತ್ತೆ, ಅಂದ್ರೆ ಮೈಲಿಗೆ ಅನ್ಸೋ ವಸ್ತುನ ಮುಟ್ಟೋದು, ಮುಟ್ಟಿ ಆಮೇಲೆ ತೊಳೀದೆ ಕೂರೋದು, ಭಯ ತಾನಾಗೇ ಇಳಿಯೋವರೆಗೆ. ತೊಳೆಯೋರಿಗೆ ಇದು ತುಂಬಾ ಚೆನ್ನಾಗಿ ಹೊಂದುತ್ತೆ, ಯಾಕಂದ್ರೆ ಮುಟ್ಟೋಕೆ ಒಂದು ವಸ್ತು ಇದೆ: ಚಪ್ಪಲಿ, ಬಸ್ ಟಿಕೆಟ್, ಮುಸುರೆ ಪಾತ್ರೆ. 2005ರಲ್ಲಿ ಬಂದ ಒಂದು ಅಮೆರಿಕನ್ ಟ್ರಯಲ್‌ನಲ್ಲಿ ಪೂರ್ತಿ ಮುಗಿಸಿದವರ ಪೈಕಿ ಇಆರ್‌ಪಿಯಿಂದ 86%, ಎರಡೂ ಸೇರಿ 79%, ಬರೀ ಕ್ಲೋಮಿಪ್ರಮಿನ್‌ನಿಂದ 48%, ಸಕ್ಕರೆ ಮಾತ್ರೆಯಿಂದ 10% ಜನ ಸುಧಾರಿಸಿದ್ರು. ಅದು ಎಲ್ಲಾ ಟೈಪ್ ಸೇರಿದ ಲೆಕ್ಕ, ಆದ್ರೂ ಥೆರಪಿ ಅನ್ನೋದು ಮಾತ್ರೆಗೆ ಉಪ್ಪಿನಕಾಯಿ ಥರ ಪಕ್ಕದಲ್ಲಿಡೋದಲ್ಲ ಅಂತ ಗೊತ್ತಾಗುತ್ತೆ.

ನಮ್ಮನೇಲಿ ಇನ್ನೊಂದು ತಪ್ಪಾಗ್ತಿತ್ತು. ಅಕ್ಕಂಗೆ ಸಮಾಧಾನ ಆಗ್ಲಿ ಅಂತ ನಾವೆಲ್ಲಾ ಹೊರಗಿಂದ ಬಂದ ತಕ್ಷಣ ಸ್ನಾನ ಮಾಡ್ತಿದ್ವಿ, ಹಾಲಿನ ಪ್ಯಾಕೆಟ್ ಸೋಪ್ ಹಾಕಿ ತೊಳೀತಿದ್ವಿ. ಪ್ರೀತಿಯಿಂದ ಮಾಡಿದ್ದೇ, ಆದ್ರೆ ಮನೆಯವರು ಹೀಗೆ ಗೀಳಿಗೆ ಕೈ ಜೋಡಿಸಿದಷ್ಟೂ ಚಿಕಿತ್ಸೆ ಕಮ್ಮಿ ಹಿಡಿಯುತ್ತೆ. ಮಡಿ ಇರೋ ಮನೆಗಳಲ್ಲಿ ಇದನ್ನ ಗುರುತಿಸೋದೇ ಕಷ್ಟ, ಎಲ್ಲಿವರೆಗೆ ಆಚಾರ ಎಲ್ಲಿಂದ ಕಾಯಿಲೆ ಅಂತ. ನನ್ನ ಅಳತೆ ಇಷ್ಟೇ: ಮಡಿ ಉಟ್ಟೋರು ಪೂಜೆ ಆದ್ಮೇಲೆ ನೆಮ್ಮದಿಯಾಗಿ ಊಟಕ್ಕೆ ಕೂರ್ತಾರೆ, ಅಕ್ಕಂಗೆ ಆ ನೆಮ್ಮದಿ ಬರ್ತಾನೇ ಇರ್ಲಿಲ್ಲ.

ನನಗೆ ಹೇಳ್ಕೊಳ್ಳೋಕೆ ಆಗದಂಥ ಯೋಚನೆ ಬರುತ್ತೆ. ಇದಕ್ಕೂ ಅದೇ ಮಾತ್ರೆನಾ?

ಹೌದು, ಅದೇ. ಮತ್ತೆ ನಿಮಗೆ ಒಳ್ಳೇ ಸುದ್ದಿ ಇದೆ. ಯಾರಿಗಾದ್ರೂ ಹಾನಿ ಮಾಡಿಬಿಡ್ತೀನೇನೋ ಅನ್ನೋ ಯೋಚನೆ ಇರೋರಿಗೆ ಎಸ್‌ಎಸ್‌ಆರ್‌ಐ ಚೆನ್ನಾಗಿ ಹಿಡಿಯುತ್ತೆ ಅಂತ ದೀರ್ಘಕಾಲ ನೋಡಿದ ಅಧ್ಯಯನ ಇದೆ. ಸೆಕ್ಸ್ ಮತ್ತೆ ದೇವರ ವಿಷಯದ ಯೋಚನೆಗಳಿಗೆ ಫಲಿತಾಂಶ ಒಂದೇ ಥರ ಬಂದಿಲ್ಲ, ಕೆಲವು ಕಡೆ ನಿಧಾನ ಅಂತ ಬಂದಿದೆ. ಅದಕ್ಕೆ ಒಂದು ಕಾರಣ ನನಗೆ ಅನ್ಸೋದು, ಇವರು ಬಾಯಿ ಬಿಡಲ್ಲ. "ಟೆನ್ಶನ್ ಡಾಕ್ಟ್ರೇ" ಅಂತ ಹೇಳಿ ಬಂದುಬಿಡ್ತಾರೆ, ಟೆನ್ಶನ್‌ಗೆ ಮಾತ್ರೆ ಸಿಗುತ್ತೆ, ಓಸಿಡಿ ಹಾಗೇ ಉಳಿಯುತ್ತೆ.

ನಂದು ಹಾಗೇ ಆಗಿದ್ದು. ಅಕ್ಕನ ಮಗು ಆಗ ಒಂದೂವರೆ ವರ್ಷದ್ದು, ಅಡುಗೆ ಮನೇಲಿ ನಾನು ಈಳಿಗೆ ಮಣೆ ಮೇಲೆ ಬೀನ್ಸ್ ಹೆಚ್ಚುತಾ ಇದ್ದೆ, ಮಗು ಅಂಬೆಗಾಲಿಟ್ಟು ನನ್ನ ಹತ್ರ ಬಂತು, ಒಂದು ಯೋಚನೆ ಬಂತು. ಬರೆಯಲ್ಲ ಏನು ಅಂತ, ನಿಮಗೆ ಅರ್ಥ ಆಗುತ್ತೆ. ಅವತ್ತು ಸಂಜೆ ಈಳಿಗೆ ಮಣೆನ ಹಳೇ ಸೀರೇಲಿ ಸುತ್ತಿ ಅಟ್ಟಕ್ಕೆ ಹಾಕಿದೆ, ಒಂದು ವರ್ಷ ಮಗುನ ಒಬ್ಬಳೇ ಎತ್ಕೊಳ್ಳಲಿಲ್ಲ. ಎಲ್ರೂ ನನಗೆ ಮಗು ಕಂಡ್ರೆ ಆಗಲ್ಲ ಅಂದ್ಕೊಂಡ್ರು. ಈ ಯೋಚನೆ ಬರೋರು ಅದನ್ನ ಮಾಡೋರಲ್ಲ, ಅದು ತಮ್ಮ ಸ್ವಭಾವಕ್ಕೆ ಪೂರ್ತಿ ವಿರುದ್ಧ ಇರೋದ್ರಿಂದಲೇ ಇಷ್ಟು ಹೆದರೋದು, ಇದು ನನಗೆ ಡಾಕ್ಟರ್ ಹೇಳೋವರೆಗೂ ಗೊತ್ತಿರ್ಲಿಲ್ಲ. ಫ್ಲೂಕ್ಸೆಟಿನ್ 60 ಎಂಜಿಗೆ ಬಂದ್ಮೇಲೆ ಯೋಚನೆ ಬರೋದು ನಿಲ್ಲಲಿಲ್ಲ, ಬಂದ್ರೆ ಅಂಟ್ಕೊಳ್ಳೋದು ನಿಂತ್ತು. ಬಂತು, ಹೋಯ್ತು. ಬಾಣಂತಿಯರಿಗೂ ಇಂಥದ್ದು ಬರುತ್ತೆ, ಅವರಂತೂ ಖಂಡಿತ ಹೇಳ್ಬೇಕು.

ಬೀಗ, ಗ್ಯಾಸ್ ಚೆಕ್ ಮಾಡೋದು?

ಮಾತ್ರೆಗೆ ಸಾಕಷ್ಟು ಚೆನ್ನಾಗಿ ಸ್ಪಂದಿಸೋ ಗುಂಪು ಇದು. ಸಿಲಿಂಡರ್ ರೆಗ್ಯುಲೇಟರ್ ಫೋಟೋ ತೆಗೆದು ಮೊಬೈಲ್‌ನಲ್ಲಿ ಇಟ್ಕೊಳ್ಳೋ ಅಭ್ಯಾಸ ಇದ್ರೆ ಅದೂ ಚೆಕ್ ಮಾಡಿದ ಹಾಗೇ, ಡಾಕ್ಟರ್‌ಗೆ ಅದನ್ನೂ ಹೇಳಿ.

ಮಗ ಎಲ್ಲಾ ನೇರ ಇಡ್ತಾನೆ, ಎಣಿಸ್ತಾನೆ, ಕಣ್ಣು ಮಿಟುಕಿಸ್ತಾನೆ. ಮಾತ್ರೆ ಅಷ್ಟಾಗಿ ಹಿಡೀತಿಲ್ಲ.

ಆ ಕಣ್ಣು ಮಿಟುಕಿಸೋದನ್ನ ಡಾಕ್ಟರ್‌ಗೆ ಹೇಳಿದೀರಾ? ಸರಿಸಮ ಮಾಡೋ ಟೈಪ್ ಚಿಕ್ಕ ವಯಸ್ಸಲ್ಲೇ, ಗಂಡು ಮಕ್ಕಳಲ್ಲಿ ಜಾಸ್ತಿ ಶುರು ಆಗುತ್ತೆ, ಅದ್ರ ಜೊತೆ ಟಿಕ್ಸ್ ಇರೋದು ಹೆಚ್ಚು: ಕಣ್ಣು ಮಿಟುಕಿಸೋದು, ಭುಜ ಹಾರಿಸೋದು, ಗಂಟಲು ಸರಿ ಮಾಡ್ಕೊಳ್ಳೋದು. ಟಿಕ್ಸ್ ಇರೋರಿಗೆ ಎಸ್‌ಎಸ್‌ಆರ್‌ಐ ಜೊತೆ ಬೇರೆ ಗುಂಪಿನ ಒಂದು ಸಣ್ಣ ಡೋಸ್ ಸೇರಿಸಿದ್ರೆ ಪ್ರಯೋಜನ ಜಾಸ್ತಿ ಅಂತ 1994ರಲ್ಲೇ ತೋರಿಸಿದ್ರು, ಆಗ ಫ್ಲೂವಾಕ್ಸಮಿನ್ ಜೊತೆ ಹ್ಯಾಲೊಪೆರಿಡಾಲ್ ಕೊಟ್ಟಿದ್ರು, ಈಗ ರಿಸ್ಪೆರಿಡೋನ್ ಅಥವಾ ಅರಿಪಿಪ್ರಜೋಲ್ ಕೊಡ್ತಾರೆ. ಟೈಪ್ ನೋಡಿ ಮಾತ್ರೆ ಬದಲಾಗೋ ಸನ್ನಿವೇಶ ನನಗೆ ತಿಳಿದ ಹಾಗೆ ಇದೊಂದೇ ಸ್ಪಷ್ಟವಾಗಿರೋದು. ಮಕ್ಕಳ ವಿಷಯದಲ್ಲಿ ಇನ್ನೊಂದು ಮಾತು: 2004ರ ಒಂದು ಟ್ರಯಲ್‌ನಲ್ಲಿ 7ರಿಂದ 17 ವರ್ಷದ 112 ಮಕ್ಕಳಿಗೆ 12 ವಾರ ಚಿಕಿತ್ಸೆ ಕೊಟ್ಟಾಗ, ಹೆಚ್ಚುಕಮ್ಮಿ ಪೂರ್ತಿ ಗುಣ ಆದವರು ಮಾತ್ರೆ ಥೆರಪಿ ಎರಡೂ ಸಿಕ್ಕವರಲ್ಲಿ 53.6%, ಬರೀ ಥೆರಪಿ 39.3%, ಬರೀ ಸರ್ಟ್ರಾಲಿನ್ 21.4%. ಮಾತ್ರೆ ಶುರು ಮಾಡಿದ ಮೊದಲ ವಾರಗಳಲ್ಲಿ, ಡೋಸ್ ಏರಿಸಿದಾಗ, 25 ವರ್ಷದೊಳಗಿನವರಲ್ಲಿ ಚಡಪಡಿಕೆ, ಸಾಯ್ಬೇಕು ಅನ್ನೋ ಮಾತು ಬಂದ್ರೆ ಅದೇ ದಿನ ಡಾಕ್ಟರ್‌ಗೆ ಫೋನ್ ಮಾಡಿ.

ಅಪ್ಪ ಹಳೇ ಪೇಪರ್, ಡಬ್ಬ, ವೈರ್ ಏನೂ ಬಿಸಾಡಲ್ಲ.

ಇದು ಮಾತ್ರೆಗೆ ಕಮ್ಮಿ ಬಗ್ಗೋ ಗುಂಪು. ಎಷ್ಟು ಬೇರೆ ಅಂದ್ರೆ 2013ರಿಂದ ಇದನ್ನ ಓಸಿಡಿಯಿಂದ ತೆಗೆದು ಬೇರೆ ಕಾಯಿಲೆ ಅಂತಲೇ ಇಟ್ಟಿದಾರೆ. ಓಸಿಡಿಯವರಿಗೆ ತಮ್ಮ ಗೀಳು ಹಿಂಸೆ ಕೊಡುತ್ತೆ, ಕೂಡಿಡೋರಿಗೆ ಕೂಡಿಡೋದ್ರಲ್ಲಿ ಹಿಂಸೆ ಇಲ್ಲ, ಬಿಸಾಡು ಅಂದಾಗ ಮಾತ್ರ ಹಿಂಸೆ. ಅದಕ್ಕೇ ಅಂತ ಮಾಡಿದ ಥೆರಪಿ ಇದೆ, ಸಾಮಾನು ಒಂದೊಂದಾಗಿ ಕೈಗೆತ್ಕೊಂಡು ತೀರ್ಮಾನ ಮಾಡೋದು ಕಲಿಸ್ತಾರೆ. ಅವರಿಲ್ಲದಾಗ ಗುಜರಿಯವನಿಗೆ ಹಾಕಿಬಿಡ್ಬೇಡಿ, ನಂಬಿಕೆ ಹೋದ್ರೆ ಚಿಕಿತ್ಸೆಗೆ ಬರೋದೇ ಇಲ್ಲ.

ಎರಡು ಮಾತ್ರೆ ಸೋತಿದೆ. ಮುಂದೆ?

ಮೊದಲು ನಿಜವಾಗ್ಲೂ ಸೋತಿದೆಯಾ ನೋಡಿ: ಡೋಸ್ ಪೂರ್ತಿ ಇತ್ತಾ, 12 ವಾರ ಆಯ್ತಾ, ದಿನಾ ತಗೊಂಡ್ರಾ. ಆಮೇಲೆ ದಾರಿಗಳು ಇವೆ. ಇಆರ್‌ಪಿ ಸೇರಿಸೋದು ಮೊದಲನೇದು. 2013ರ ಒಂದು ಟ್ರಯಲ್‌ನಲ್ಲಿ ಮಾತ್ರೆ ಸಾಕಾಗದ 100 ಜನಕ್ಕೆ ಸೇರಿಸಿ ನೋಡಿದಾಗ ಇಆರ್‌ಪಿಯಿಂದ 80%, ರಿಸ್ಪೆರಿಡೋನ್‌ನಿಂದ 23%, ಸಕ್ಕರೆ ಮಾತ್ರೆಯಿಂದ 15% ಜನಕ್ಕೆ ರೆಸ್ಪಾನ್ಸ್ ಬಂತು. ಕ್ಲೋಮಿಪ್ರಮಿನ್ ಇದೆ, ಬಾಯಿ ಒಣಗುತ್ತೆ, ಮಲಬದ್ಧತೆ ಆಗುತ್ತೆ, ಇಸಿಜಿ ನೋಡ್ಕೋಬೇಕು, ಆದ್ರೂ ಎಸ್‌ಎಸ್‌ಆರ್‌ಐ ಹಿಡೀದಿದ್ದವರಿಗೆ ಇದು ಹಿಡಿದಿದ್ದು ಉಂಟು. ರಿಸ್ಪೆರಿಡೋನ್ ಥರದ್ದು ಸೇರಿಸಿದ್ರೆ ಒಟ್ಟಾರೆ ಮೂವರಲ್ಲಿ ಒಬ್ರಿಗೆ ಅನುಕೂಲ, ತೂಕ ಮತ್ತೆ ಶುಗರ್ ಮೇಲೆ ಕಣ್ಣಿಡ್ಬೇಕು. ಅದಾದ್ಮೇಲೆ ಟಿಎಂಎಸ್ (ತಲೆ ಹೊರಗಿಂದಲೇ ಆಯಸ್ಕಾಂತದಿಂದ ಮೆದುಳಿಗೆ ಕೊಡೋ ಚಿಕಿತ್ಸೆ), ತೀರಾ ಕಷ್ಟದವರಿಗೆ ಮೆದುಳಿನ ಸರ್ಜರಿವರೆಗೂ ಇದೆ.

ಟೈಪ್ ಅಲ್ಲದೆ ವ್ಯತ್ಯಾಸ ಮಾಡೋದು ಇನ್ನೊಂದಿದೆ. ಇದು ಕಾಯಿಲೆ, ಈ ಭಯ ಅತಿ ಆಯ್ತು ಅಂತ ತನಗೇ ಅನ್ಸುತ್ತಾ ಇಲ್ವಾ ಅನ್ನೋದು. ಹಾಗೆ ಅನ್ಸದೇ ಇರೋರಿಗೆ ಯಾವ ಟೈಪ್ ಆದ್ರೂ ಚಿಕಿತ್ಸೆ ಹಿಡಿಯೋದು ನಿಧಾನ.

ಡಾಕ್ಟರ್ ಬರೀ ಕ್ಲೊನಜಿಪಾಮ್ ಕೊಟ್ಟಿದಾರೆ, ನಿದ್ದೆ ಬರುತ್ತೆ, ಓಸಿಡಿ ಹೋಗಿಲ್ಲ.

ಅದು ಓಸಿಡಿ ಮಾತ್ರೆ ಅಲ್ಲ. ಮೊದಲ ದಿನಗಳಲ್ಲಿ ತಳಮಳಕ್ಕೆ ಸ್ವಲ್ಪ ದಿನ ಕೊಡ್ತಾರೆ, ಆದ್ರೆ ಗೀಳನ್ನ ಅದು ಇಳಿಸಲ್ಲ, ವರ್ಷಗಟ್ಟಲೆ ತಗೊಂಡ್ರೆ ಅದಕ್ಕೇ ಒಗ್ಗಿಹೋಗ್ತೀವಿ. ನನಗೆ ಮೊದಲು ಸಿಕ್ಕಿದ್ದೂ ಅದೊಂದೇ, ಎಂಟು ತಿಂಗಳು ಮಂಪರಿನಲ್ಲಿ ಕಳೆದೆ. ಇದ್ದಕ್ಕಿದ್ದಂಗೆ ನಿಲ್ಲಿಸ್ಬೇಡಿ, ಸೈಕಿಯಾಟ್ರಿಸ್ಟ್ ಹತ್ರ ಹೋಗಿ ಇಳಿಸ್ಕೊಳ್ಳಿ.

ಕಾಫಿ ಕುಡೀಬಹುದಾ?

ಫ್ಲೂವಾಕ್ಸಮಿನ್ ತಗೊಳ್ಳೋರು ಮಾತ್ರ ಜೋಪಾನ. ಕೆಫೀನ್ ಕರಗಿಸೋ ಲಿವರ್ ಕೆಲಸನ ಅದು ತಡೆಯುತ್ತೆ, ದಿನಾ ಕುಡಿಯೋ ಎರಡು ಲೋಟ ಫಿಲ್ಟರ್ ಕಾಫಿನೇ ಎದೆ ಡವಡವ, ಕೈ ನಡುಕ, ನಿದ್ದೆ ಇಲ್ಲದ ರಾತ್ರಿ ಆಗುತ್ತೆ, ಜನ ಅದನ್ನ ಮಾತ್ರೆ ಸೈಡ್ ಎಫೆಕ್ಟ್ ಅಂದ್ಕೊಂಡು ಮಾತ್ರೆ ಬಿಟ್ಬಿಡ್ತಾರೆ. ಉಳಿದವುಗಳಲ್ಲಿ ಮೊದಲ ಎರಡು ವಾರ ಹೊಟ್ಟೆ ತೊಳೆಸೋದು, ಭೇದಿ, ತಲೆನೋವು ಇರುತ್ತೆ, ಊಟ ಆದ್ಮೇಲೆ ತಗೊಂಡ್ರೆ ಕಮ್ಮಿ. ಸೆಕ್ಸ್ ಆಸೆ ಕಮ್ಮಿ ಆಗೋದು ಬೇಗ ಹೋಗಲ್ಲ, ನಾಚ್ಕೊಳ್ಳದೆ ಹೇಳಿ, ಅದಕ್ಕೆ ಉಪಾಯ ಇದೆ. ನೋವಿಗೆ ಅಂತ ಬೇರೆ ಡಾಕ್ಟರ್ ಟ್ರಮಡಾಲ್ ಬರೆದ್ರೆ, ನೀವು ತಗೊಳ್ತಿರೋದನ್ನ ಮೊದಲು ತೋರಿಸಿ.

ಯಾವಾಗ ನಿಲ್ಲಿಸ್ಬಹುದು? ಗರ್ಭಿಣಿ ಆದ್ರೆ?

ಚೆನ್ನಾಗಾದ್ಮೇಲೂ ಕನಿಷ್ಠ ಒಂದರಿಂದ ಎರಡು ವರ್ಷ, ಆಮೇಲೆ ತಿಂಗಳುಗಟ್ಟಲೆ ನಿಧಾನಕ್ಕೆ ಇಳಿಸೋದು. ಥೆರಪಿ ಕಲಿತಿದ್ರೆ ಮತ್ತೆ ಮರಳೋದು ಕಮ್ಮಿ. ಮಗು ಬೇಕು ಅನ್ನೋರು ಮುಂಚೆನೇ ಮಾತಾಡಿ, ಪ್ಯಾರಾಕ್ಸೆಟಿನ್ ಇದ್ರೆ ಸಾಮಾನ್ಯವಾಗಿ ಬದಲಾಯಿಸ್ತಾರೆ. ಟೆಸ್ಟ್ ಪಾಸಿಟಿವ್ ಬಂತು ಅಂತ ಗಾಬರಿಯಾಗಿ ಅವತ್ತೇ ನಿಲ್ಲಿಸೋದು ತಪ್ಪು.

ದುಡ್ಡಿಲ್ಲ, ಊರಲ್ಲಿ ಸೈಕಿಯಾಟ್ರಿಸ್ಟ್ ಇಲ್ಲ.

ಜಿಲ್ಲಾ ಆಸ್ಪತ್ರೆ ಮಾನಸಿಕ ವಿಭಾಗದಲ್ಲಿ ಕೇಳಿ, ಫ್ಲೂಕ್ಸೆಟಿನ್ ಥರದ್ದು ಸರ್ಕಾರಿ ಆಸ್ಪತ್ರೇಲಿ ಉಚಿತವಾಗಿ ಸಿಗುತ್ತೆ, ಜನೌಷಧಿ ಅಂಗಡೀಲಿ ಸರ್ಟ್ರಾಲಿನ್, ಎಸ್ಸಿಟಾಲೊಪ್ರಾಮ್ ಕಮ್ಮಿ ರೇಟಿಗೆ ಸಿಗುತ್ತೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಅಂತ ಈಗ ದೇಶದ ತುಂಬಾ ಇರೋದು ಮೊದಲು ಪ್ರಯೋಗ ಆಗಿದ್ದೇ ನಮ್ಮ ಬಳ್ಳಾರಿಯಲ್ಲಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಓಸಿಡಿಗೇ ಅಂತ ಕ್ಲಿನಿಕ್ ಇದೆ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416, ದಿನದ 24 ಗಂಟೆ, ಕನ್ನಡದಲ್ಲೇ ಮಾತಾಡ್ತಾರೆ, ಫ್ರೀ.

ಡಾಕ್ಟರ್ ಮುಂದೆ ಬಾಯೇ ಬರಲ್ಲ. ಏನು ಮಾಡ್ಲಿ?

ಬರೆದು ಕೊಡಿ. ನಾನು ಹಾಗೇ ಮಾಡಿದ್ದು. ಸ್ಕೂಲ್ ನೋಟ್‌ಬುಕ್‌ನ ಒಂದು ಹಾಳೆ ಹರಿದು, ಯಾವ ಯೋಚನೆ ಬರುತ್ತೆ, ಬಂದಾಗ ಏನು ಮಾಡ್ತೀನಿ, ದಿನಕ್ಕೆ ಎಷ್ಟು ಹೊತ್ತು ಹೋಗುತ್ತೆ, ಏನನ್ನ ಮುಟ್ಟೋದು ಬಿಟ್ಟಿದೀನಿ, ಮನೇಲಿ ಇನ್ಯಾರಿಗೆ ಇದೆ, ಹಿಂದೆ ಯಾವ ಮಾತ್ರೆ ಎಷ್ಟು ಎಂಜಿ ಎಷ್ಟು ವಾರ ತಗೊಂಡೆ ಅಂತ ಬರೆದು ನಾಲ್ಕು ಮಡಿಕೆ ಮಡಚಿ ಟೇಬಲ್ ಮೇಲೆ ತಳ್ಳಿದೆ, ತಲೆ ಎತ್ತಲಿಲ್ಲ. ಅವರು ಓದಿ, "ಈಳಿಗೆ ಮಣೆ ಈಗ ಎಲ್ಲಿದೆಯಮ್ಮಾ?" ಅಂತ ಕೇಳಿದ್ರು. ಅಟ್ಟದ ಮೇಲಿದೆ ಡಾಕ್ಟ್ರೇ ಅಂದೆ. "ಮೂರು ತಿಂಗಳಾದ್ಮೇಲೆ ಕೆಳಗಿಳಿಸೋಣ" ಅಂದ್ರು. ನಾಲ್ಕು ತಿಂಗಳು ಹಿಡೀತು.